ಒತ್ತಕ್ಷರಕ್ಕೆ ಜಾಗ ಬಿಟ್ಟು ಕಟ್ಟಿದ ಬಸ್ ಬೋರ್ಡು

ಶಿವಮೊಗ್ಗದಿಂದ ತೀರ್ಥಹಳ್ಳಿ, ಕೊಪ್ಪ ಮಾರ್ಗವಾಗಿ ಶೃಂಗೇರಿಗೆ ಓಡುವ ಖಾಸಗಿ ಬಸ್ಸೊಂದರ ಎಲ್‌ಇಡಿ ಬೋರ್ಡು ದುರಸ್ತಿಗೆಂದು ನನ್ನ ಬಳಿ ಬಂದಾಗ, ಅದರಲ್ಲಿ ಎರಡು ಬಗೆಯ ದೋಷಗಳಿದ್ದವು. ಮೊದಲನೆಯದು ವಿದ್ಯುತ್ತಿಗೆ ಸಂಬಂಧಿಸಿದ್ದು. ಅದನ್ನು ಸರಿಪಡಿಸುವುದು ಕಷ್ಟವಿರಲಿಲ್ಲ. ಎರಡನೆಯದು, ಎಲ್ಲ ಚುಕ್ಕೆಗಳೂ ಸರಿಯಾಗಿ ಬೆಳಗಿದರೂ ನಿಲ್ದಾಣದಲ್ಲಿ ನಿಂತವರಿಗೆ ಬಸ್ಸು ಎಲ್ಲಿಗೆ ಹೋಗುತ್ತದೆಂದು ತಿಳಿಯದಿರುವುದು. ಮಾಲೀಕರು ಕೇಳಿದ್ದು ಮೊದಲನೆಯದರ ದುರಸ್ತಿಯನ್ನು ಮಾತ್ರ. ಎರಡನೆಯದನ್ನು ಹಾಗೆಯೇ ಬಿಟ್ಟು ಬೋರ್ಡನ್ನು ಹಿಂದಿರುಗಿಸಲು ಮನಸ್ಸು ಒಪ್ಪದೆ, ಅವರೊಂದಿಗೆ ಮಾತನಾಡಿ, ಹೊಸ ಬೋರ್ಡೊಂದನ್ನು ಕಟ್ಟಿಕೊಡುವುದೆಂದು ತೀರ್ಮಾನಿಸಿದೆ. ಕನ್ನಡದ ಬೋರ್ಡು ಕಟ್ಟುವವರಿಗೆ ಉಪಯೋಗವಾಗಬಹುದೆಂದು ಆ ಕೆಲಸದ ವಿವರಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹಳೆಯ ಬೋರ್ಡಿನಲ್ಲಿ ಮೂರು ಪಿ10 ಮಾಡ್ಯೂಲುಗಳನ್ನು, ಅಂದರೆ ಎಲ್‌ಇಡಿ ಚುಕ್ಕೆಗಳ ಸಿದ್ಧ ಹಲಗೆಗಳನ್ನು, ಅಡ್ಡಲಾಗಿ ಜೋಡಿಸಲಾಗಿತ್ತು. ಪಿ10 ಎಂದರೆ ಚುಕ್ಕೆಯಿಂದ ಚುಕ್ಕೆಗೆ 10 ಮಿಲಿಮೀಟರ್ ಅಂತರ. ಒಂದು ಮಾಡ್ಯೂಲಿನ ಅಳತೆ 320 ಮಿ.ಮೀ. ಅಗಲ, 160 ಮಿ.ಮೀ. ಎತ್ತರ, ಅದರಲ್ಲಿ 32 ಕಂಬ ಮತ್ತು 16 ಸಾಲು ಚುಕ್ಕೆಗಳು. ಅಂಗಡಿಗಳ ಮುಂದೆ, ಪೆಟ್ರೋಲ್ ಬಂಕುಗಳಲ್ಲಿ, ದೇವಸ್ಥಾನದ ಜಾತ್ರೆಗಳಲ್ಲಿ ಕಾಣುವ ಕೆಂಪು ಬೋರ್ಡುಗಳೆಲ್ಲ ಬಹುಮಟ್ಟಿಗೆ ಇವೇ. ಬಂದ ಬೋರ್ಡಿನ ನಡುವಿನ ಮಾಡ್ಯೂಲಿನಲ್ಲಿ ಪ್ರತಿ ನಾಲ್ಕನೆಯ ಸಾಲು ಕತ್ತಲಾಗಿತ್ತು. ಈ ಮಾಡ್ಯೂಲುಗಳಲ್ಲಿ ಹದಿನಾರು ಸಾಲುಗಳೂ ಒಮ್ಮೆಲೇ ಬೆಳಗುವುದಿಲ್ಲ. ನಾಲ್ಕು ನಾಲ್ಕು ಸಾಲುಗಳ ಗುಂಪುಗಳು ಒಂದರ ನಂತರ ಒಂದರಂತೆ ಕಣ್ಣಿಗೆ ಗೊತ್ತಾಗದಷ್ಟು ವೇಗವಾಗಿ ಬೆಳಗುತ್ತವೆ. ಸ್ವಿಚ್ಚಿನಂತೆ ಪ್ರತಿ ಗುಂಪಿಗೂ ವಿದ್ಯುತ್ತನ್ನು ಹರಿಸುವ, ನಿಲ್ಲಿಸುವ ಕೆಲಸ 4953 ಎಂಬ ಎಂಟು ಕಾಲಿನ ಮಾಸ್‌ಫೆಟ್ ಚಿಪ್ಪಿನದು. ಅದರ ಒಂದು ಭಾಗ ಸುಟ್ಟುಹೋಗಿದ್ದರಿಂದ ಒಂದು ಗುಂಪು ಪೂರ್ತಿ ಕತ್ತಲಾಗಿತ್ತು. ಚಿಪ್ಪನ್ನು ಬದಲಾಯಿಸಿದೆ. ರಿಬ್ಬನ್ ಕೇಬಲಿನ ಹದಿನಾರು ಪಿನ್ನಿನ ಕನೆಕ್ಟರಿನೊಳಗೆ ಹಸಿರು ಕಿಲುಬು ಕಟ್ಟಿತ್ತು. ಮಲೆನಾಡಿನ ಮಳೆಗಾಲ ಕಂಡ ಬಸ್ಸಿನಲ್ಲಿ ಇದು ಅಪರೂಪವಲ್ಲ. ಕೇಬಲನ್ನೂ ಹೊಸದಾಗಿ ಹಾಕಿದ ಮೇಲೆ ಬೋರ್ಡು ಸಂಪೂರ್ಣವಾಗಿ ಬೆಳಗಿತು.

ಬೆಳಗಿದ ಬೋರ್ಡನ್ನು ಗೋಡೆಗೆ ಒರಗಿಸಿ, ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿದೆ. ಮಾಲೀಕರ ಸಂಸ್ಥೆಯ ಹೆಸರು, ನಂತರ ಶಿವಮೊಗ್ಗ, ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಕೊನೆಗೆ ಶುಭ ಪ್ರಯಾಣ ಎಂಬ ಹಾರೈಕೆ, ಇವೆಲ್ಲ ಬಲದಿಂದ ಎಡಕ್ಕೆ ಹರಿಯುತ್ತಿದ್ದವು. ಇಡೀ ಸಾಲು ಒಮ್ಮೆ ಹರಿದು ಮುಗಿಯಲು ಸುಮಾರು 15 ಸೆಕೆಂಡು ಬೇಕಾಗುತ್ತಿತ್ತು. ಗಂಟೆಗೆ 40 ಕಿಲೋಮೀಟರ್ ವೇಗದ ಬಸ್ಸು ಒಂದು ಸೆಕೆಂಡಿಗೆ 11 ಮೀಟರಿನಷ್ಟು ಸಾಗುತ್ತದೆ. ಅಂದರೆ 15 ಸೆಕೆಂಡಿನಲ್ಲಿ 165 ಮೀಟರ್. ಮಂಡಗದ್ದೆಯಂತಹ ಊರಿನಲ್ಲಿ ತಿರುವು ದಾಟಿದ ಬಸ್ಸು ಕಣ್ಣಿಗೆ ಬಿದ್ದು ಹತ್ತಿರ ಬರುವವರೆಗೆ ಸಿಗುವ ಸಮಯ ಅಷ್ಟಿಲ್ಲ. ಕೈ ತೋರಿಸಬೇಕೋ ಬೇಡವೋ ಎಂದು ನಿರ್ಧರಿಸಬೇಕಾದ ಆ ಐದಾರು ಸೆಕೆಂಡಿನಲ್ಲಿ ಬೋರ್ಡಿನ ಮೇಲೆ ಶಿವಮೊಗ್ಗ ಎಂದು ಕಂಡರೆ, ಬಸ್ಸು ಶಿವಮೊಗ್ಗದಿಂದ ಬರುತ್ತಿದೆಯೋ ಶಿವಮೊಗ್ಗಕ್ಕೆ ಹೋಗುತ್ತಿದೆಯೋ ತಿಳಿಯುವುದಿಲ್ಲ.

ಬಸ್ಸಿನ ಕಂಡಕ್ಟರ್ ಹೇಳಿದ ಮಾತೊಂದನ್ನು ಇಲ್ಲಿ ದಾಖಲಿಸಬೇಕು. "ಬೋರ್ಡ್ ಯಾರೂ ಓದಲ್ಲ ಸರ್, ನಾವು ಕೂಗಿದ್ರೇನೇ ಜನ ಹತ್ತೋದು" ಎಂದರು. ಅವರ ಅನುಭವ ಸುಳ್ಳಲ್ಲ. ಆದರೆ ಓದಲು ಬಾರದಂತಹ ಬೋರ್ಡನ್ನು ಹಾಕಿ, ಜನರು ಓದುವುದಿಲ್ಲ ಎಂದು ತೀರ್ಮಾನಿಸುವುದು ಸರಿಯಲ್ಲ. ಕಿವಿ ಕೇಳಿಸದವರಿಗೆ, ಎರಡು ಮೂರು ಬಸ್ಸುಗಳು ಒಟ್ಟಿಗೆ ಬಂದು ನಿಂತಾಗ ಹಿಂದಿನ ಬಸ್ಸನ್ನು ಹುಡುಕುವವರಿಗೆ, ಜೋರು ಮಳೆಯಲ್ಲಿ ಶೆಲ್ಟರಿನೊಳಗೆ ನಿಂತವರಿಗೆ ಕೂಗು ಸಾಲುವುದಿಲ್ಲ.

ಹದಿನಾರು ಸಾಲು ಏಕೆ ಸಾಲದು

ಈ ಮಾರ್ಗದ ಹೆಸರುಗಳನ್ನೊಮ್ಮೆ ಗಮನಿಸಿ: ಶಿವಮೊಗ್ಗ, ಮಂಡಗದ್ದೆ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ. ಪ್ರತಿಯೊಂದರಲ್ಲೂ ಅಕ್ಷರದ ಕೆಳಗೆ ಒತ್ತು ಅಥವಾ ವಟ್ರಸುಳಿ ಇದೆ. ಹೆಚ್ಚಿನವುಗಳಲ್ಲಿ ಮೇಲೆ ಗುಡಿಸು, ದೀರ್ಘ, ಎತ್ವಗಳೂ ಇವೆ. ಕನ್ನಡದ ಒಂದು ಅಕ್ಷರಕ್ಕೆ ಎತ್ತರದಲ್ಲಿ ಮೂರು ಅಂತಸ್ತುಗಳು ಬೇಕು: ತಲೆಕಟ್ಟು ಮತ್ತು ಗುಡಿಸುಗಳಿಗೆ ಮೇಲಿನದು, ಅಕ್ಷರದ ಮೈಗೆ ನಡುವಿನದು, ಒತ್ತಕ್ಷರಕ್ಕೆ ಕೆಳಗಿನದು. ಹದಿನಾರು ಸಾಲುಗಳನ್ನು ಈ ಮೂರಕ್ಕೆ ಹಂಚಿದರೆ ಮೈಗೆ ಏಳು ಸಾಲು, ಒತ್ತಿಗೆ ಐದು ಸಾಲು ಉಳಿಯುತ್ತವೆ. ಐದು ಸಾಲಿನಲ್ಲಿ ಳಕಾರದ ಒತ್ತನ್ನು ಗುರುತಿಸುವಂತೆ ಬಿಡಿಸಲು ಸಾಧ್ಯವಿಲ್ಲ. ಹಳೆಯ ಬೋರ್ಡಿನಲ್ಲಿ ತೀರ್ಥಹಳ್ಳಿಯ ಕೊನೆಯಲ್ಲಿ ಅಕ್ಷರದ ಕೆಳಗೆ ಕಾಣುತ್ತಿದ್ದುದು ಬರಿಯ ಚುಕ್ಕೆಗಳ ಗುಂಪು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಈ ತೊಂದರೆ ಇಲ್ಲ, ಏಕೆಂದರೆ ಅವು ಹದಿನಾರು ಸಾಲುಗಳನ್ನೂ ಪೂರ್ತಿಯಾಗಿ ಬಳಸಿಕೊಳ್ಳುತ್ತವೆ. ಹೀಗಾಗಿ ಒಂದೇ ಬೋರ್ಡಿನ ಮೇಲೆ ಎರಡೂ ಲಿಪಿಗಳು ಸರದಿಯಲ್ಲಿ ಬಂದಾಗ ಕನ್ನಡವು ಇಂಗ್ಲಿಷಿನ ಅರ್ಧದಷ್ಟು ಚಿಕ್ಕದಾಗಿ ಕಾಣುತ್ತದೆ. ಇದು ಲಿಪಿಯ ಕೊರತೆಯಲ್ಲ. ಬೇರೆ ಲಿಪಿಗಾಗಿ ನಿಗದಿಯಾದ ಎತ್ತರವನ್ನು ಹಾಗೆಯೇ ಒಪ್ಪಿಕೊಂಡದ್ದರ ಫಲ.

ಹೊರದೇಶಗಳ ನಿಯಮಗಳನ್ನು ನೋಡುವಾಗಲೂ ಇದನ್ನು ನೆನಪಿಡಬೇಕು. ಬ್ರಿಟನ್ನಿನಲ್ಲಿ 2000ನೆಯ ಇಸವಿಯಲ್ಲಿ ಬಂದ ಸಾರ್ವಜನಿಕ ಬಸ್ಸುಗಳ ಸುಗಮ್ಯತಾ ನಿಯಮಗಳ ಪ್ರಕಾರ ಮುಂಭಾಗದ ಬೋರ್ಡಿನಲ್ಲಿ ಊರಿನ ಹೆಸರಿನ ಅಕ್ಷರ 125 ಮಿ.ಮೀ.ಗಿಂತ, ಮಾರ್ಗದ ಸಂಖ್ಯೆ 200 ಮಿ.ಮೀ.ಗಿಂತ ಚಿಕ್ಕದಿರಬಾರದು. ಅಮೆರಿಕದ ನಿಯಮ ಎತ್ತರದ ವಿಷಯದಲ್ಲಿ ಸಡಿಲವಾಗಿದ್ದರೂ, ಗೆರೆಯ ದಪ್ಪವು ಅಕ್ಷರದ ಎತ್ತರದ ಐದರಲ್ಲೊಂದು ಭಾಗದಿಂದ ಹತ್ತರಲ್ಲೊಂದು ಭಾಗದವರೆಗೆ ಇರಬೇಕೆಂದು ಹೇಳುತ್ತದೆ. ಇವೆಲ್ಲ ರೋಮನ್ ಲಿಪಿಯನ್ನು ಮುಂದಿಟ್ಟುಕೊಂಡು ಬರೆದ ಅಳತೆಗಳು. ಕನ್ನಡಕ್ಕೆ ಇವನ್ನು ಅನ್ವಯಿಸುವಾಗ ಒತ್ತು, ಗುಡಿಸುಗಳನ್ನು ಸೇರಿಸಿದ ಒಟ್ಟು ಎತ್ತರವನ್ನಲ್ಲ, ಅಕ್ಷರದ ಮೈಯ ಎತ್ತರವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಹೊಸ ಬೋರ್ಡಿಗೆ ಎಂಟು ಮಾಡ್ಯೂಲುಗಳನ್ನು ತೆಗೆದುಕೊಂಡು, ನಾಲ್ಕರಂತೆ ಎರಡು ಸಾಲಾಗಿ ಜೋಡಿಸಿದೆ. ಒಟ್ಟು 128 ಕಂಬ, 32 ಸಾಲು. ಅಳತೆ 1280 ಮಿ.ಮೀ. ಅಗಲ, 320 ಮಿ.ಮೀ. ಎತ್ತರ. ಬಸ್ಸಿನ ಬಾಡಿ ಕಟ್ಟಿದವರು ಎದುರಿನ ಗಾಜಿನ ಮೇಲ್ಭಾಗದಲ್ಲಿ ಬಿಟ್ಟಿದ್ದ ಪೆಟ್ಟಿಗೆಯಲ್ಲಿ ಇದು ಸರಿಯಾಗಿ ಕೂರುತ್ತಿತ್ತು. ಮೂವತ್ತೆರಡು ಸಾಲುಗಳಲ್ಲಿ ಮೇಲಿನ ಐದು ತಲೆಕಟ್ಟು ಮತ್ತು ಗುಡಿಸಿಗೆ, ಹದಿನಾರು ಮೈಗೆ, ಒಂದು ಖಾಲಿ, ಕೆಳಗಿನ ಹತ್ತು ಒತ್ತಕ್ಷರಕ್ಕೆ ಎಂದು ಹಂಚಿಕೆ ಮಾಡಿದೆ. ಮೈಯ ಎತ್ತರ 160 ಮಿ.ಮೀ. ಆಯಿತು. ಗೆರೆಯ ದಪ್ಪ ಎರಡು ಚುಕ್ಕೆ, ಅಂದರೆ ಎತ್ತರದ ಎಂಟರಲ್ಲೊಂದು ಭಾಗ. ಮೂರು ಚುಕ್ಕೆಯ ದಪ್ಪವನ್ನೂ ಬಿಡಿಸಿ ನೋಡಿದಾಗ ಹಕಾರ, ಳಕಾರಗಳ ಒಳಗಿನ ಖಾಲಿ ಜಾಗ ತುಂಬಿಹೋಗುತ್ತಿತ್ತು.

ಬಣ್ಣವನ್ನು ಕೆಂಪಿನಿಂದ ಹಳದಿ ಮಿಶ್ರಿತ ಕಿತ್ತಳೆಗೆ ಬದಲಾಯಿಸಿದೆ. ಕೆಂಪು ಬೆಳಕು ಮಂದವಾಗಿ ಕಾಣುವ ಬಣ್ಣಗುರುಡಿನವರು ನಮ್ಮ ನಡುವೆ ಇದ್ದಾರೆ. ಅವರಿಗೆ ಕಿತ್ತಳೆ ಹೆಚ್ಚು ಸ್ಪಷ್ಟ. ಅದೂ ಅಲ್ಲದೆ, ಕೇಂದ್ರ ಮೋಟಾರು ವಾಹನ ನಿಯಮಗಳ 108ನೆಯ ನಿಯಮವು ವಾಹನದ ಮುಂಭಾಗದಲ್ಲಿ ಕೆಂಪು ಬೆಳಕು ತೋರಿಸುವುದನ್ನು ನಿರ್ಬಂಧಿಸುತ್ತದೆ ಎಂಬುದನ್ನು ಬೋರ್ಡು ಕಟ್ಟುವವರು ಮರೆಯಬಾರದು.

ಅಕ್ಷರಗಳನ್ನು ಬಿಡಿಸಿದ್ದು

ಇಲ್ಲಿಂದ ಮುಂದಿನದೇ ಈ ಕೆಲಸದ ತಿರುಳು. ಯಾವ ಚುಕ್ಕೆ ಬೆಳಗಬೇಕೆಂದು ಬೋರ್ಡಿಗೆ ಹೇಳುವ, ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಕಂಟ್ರೋಲರುಗಳ ಜೊತೆ ಬರುವ ತಂತ್ರಾಂಶದಲ್ಲಿ ಕನ್ನಡವನ್ನು ಟೈಪ್ ಮಾಡಿದರೆ, ಅದು ಕಂಪ್ಯೂಟರಿನ ಫಾಂಟನ್ನು ಕುಗ್ಗಿಸಿ ಚುಕ್ಕೆಗಳಾಗಿ ಪರಿವರ್ತಿಸುತ್ತದೆ. ಪುಸ್ತಕಕ್ಕಾಗಿ ರಚಿತವಾದ ಫಾಂಟಿನ ಸೂಕ್ಷ್ಮ ಬಾಗುಗಳು ಮೂವತ್ತೆರಡು ಸಾಲಿಗೆ ಕುಗ್ಗಿದಾಗ ಎಲ್ಲಿ ಚುಕ್ಕೆ ಬೀಳುತ್ತದೆ, ಎಲ್ಲಿ ಬೀಳುವುದಿಲ್ಲ ಎಂಬುದರ ಮೇಲೆ ನಮ್ಮ ಹಿಡಿತವಿರುವುದಿಲ್ಲ. ಒಂದೇ ಹೆಸರಿನಲ್ಲಿ ಒಂದು ಹಕಾರದ ಗೆರೆ ಎರಡು ಚುಕ್ಕೆ ದಪ್ಪವಾದರೆ ಇನ್ನೊಂದು ಹಕಾರದ್ದು ಒಂದೇ ಚುಕ್ಕೆಯಾಗುತ್ತದೆ. ಹರಿಹರಪುರ ಎಂದು ಬರೆಸಿ ನೋಡಿದರೆ ಇದು ಎದ್ದು ಕಾಣುತ್ತದೆ.

ಅದಕ್ಕಾಗಿ ಅಕ್ಷರಗಳ ಬದಲು ಹೆಸರುಗಳನ್ನೇ ಚಿತ್ರಗಳಾಗಿ ಸಂಗ್ರಹಿಸುವ ದಾರಿ ಹಿಡಿದೆ. ಒಂದು ಬಸ್ಸು ತೋರಿಸಬೇಕಾದ ಹೆಸರುಗಳು ಹತ್ತನ್ನೂ ದಾಟುವುದಿಲ್ಲ. ಪ್ರತಿ ಹೆಸರನ್ನೂ ಕಂಪ್ಯೂಟರಿನ ಚಿತ್ರ ತಿದ್ದುವ ತಂತ್ರಾಂಶದಲ್ಲಿ 128ಕ್ಕೆ 32ರ ಚೌಕುಳಿಯಲ್ಲಿ ಕೈಯಿಂದಲೇ ಚುಕ್ಕೆ ಚುಕ್ಕೆಯಾಗಿ ಬಿಡಿಸಿದರೆ, ಅಂತಹ ಒಂದು ಚಿತ್ರಕ್ಕೆ ಬೇಕಾಗುವ ಸ್ಮೃತಿ 512 ಬೈಟ್ ಮಾತ್ರ. ಒತ್ತಕ್ಷರಗಳನ್ನು ಜೋಡಿಸುವ ಕ್ಲಿಷ್ಟ ಲೆಕ್ಕಾಚಾರ ಬೋರ್ಡಿನೊಳಗಿನ ಚಿಕ್ಕ ಕಂಟ್ರೋಲರಿಗೆ ಬೇಕಾಗುವುದೇ ಇಲ್ಲ.

ತೀರ್ಥಹಳ್ಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ತಕಾರದ ಮೇಲಿನ ಗುಡಿಸು ಮತ್ತು ಅದರ ದೀರ್ಘ, ಥಕಾರ, ಅದರ ಮುಂದೆ ಅರ್ಕಾವತ್ತು, ಹಕಾರ, ಕೊನೆಗೆ ಗುಡಿಸು ಮತ್ತು ಒತ್ತುಗಳೆರಡನ್ನೂ ಹೊತ್ತ ಳಕಾರ. ಇವುಗಳಲ್ಲಿ ಹೆಚ್ಚು ಯೋಚನೆಗೆ ಹಚ್ಚಿದ್ದು ಥಕಾರ. ದ, ಧ, ಥ ಈ ಮೂರರ ನಡುವಿನ ವ್ಯತ್ಯಾಸವು ಕೆಳಗಿನ ಚಿಕ್ಕ ಸೀಳು ಮತ್ತು ನಡುವಿನ ಚುಕ್ಕೆಯಲ್ಲಿದೆ. ಸಾಮಾನ್ಯ ದೃಷ್ಟಿಯ ಕಣ್ಣು ಬೇರ್ಪಡಿಸಿ ನೋಡಬಲ್ಲ ಕನಿಷ್ಠ ಕೋನ ಒಂದು ಡಿಗ್ರಿಯ ಅರವತ್ತರಲ್ಲೊಂದು ಭಾಗ. 60 ಮೀಟರ್ ದೂರದಲ್ಲಿ ಅದು ಸುಮಾರು 17 ಮಿ.ಮೀ. ಆಗುತ್ತದೆ. ಒಂದು ಚುಕ್ಕೆಯ ಅಳತೆ 10 ಮಿ.ಮೀ. ಇರುವುದರಿಂದ, ಒಂದೇ ಚುಕ್ಕೆಯಲ್ಲಿ ತೋರಿಸಿದ ವ್ಯತ್ಯಾಸವು ಅಷ್ಟು ದೂರದಿಂದ ಒಳ್ಳೆಯ ಕಣ್ಣಿಗೂ ಕಾಣುವುದಿಲ್ಲ. ಎರಡು ಚುಕ್ಕೆಗಳಾದರೆ 20 ಮಿ.ಮೀ., ಅದು ಕಾಣುತ್ತದೆ. ಈ ಲೆಕ್ಕದಿಂದ ಒಂದು ನಿಯಮವನ್ನು ನನಗೆ ನಾನೇ ವಿಧಿಸಿಕೊಂಡೆ: ಒಂದು ಅಕ್ಷರವನ್ನು ಇನ್ನೊಂದರಿಂದ ಬೇರ್ಪಡಿಸುವ ಯಾವ ಗುರುತೂ ಎರಡು ಚುಕ್ಕೆಗಿಂತ ಚಿಕ್ಕದಿರಬಾರದು, ಮತ್ತು ಅದರ ಸುತ್ತ ಕನಿಷ್ಠ ಎರಡು ಚುಕ್ಕೆಯಷ್ಟು ಕತ್ತಲು ಇರಬೇಕು. ಥಕಾರದ ನಡುವಿನ ಚುಕ್ಕೆ ಎರಡಕ್ಕೆರಡರ ಚೌಕವಾಯಿತು. ಸೀಳಿನ ಗೆರೆಯನ್ನೂ ಎರಡು ಚುಕ್ಕೆ ಅಗಲ ಮಾಡಿ, ಕೆಳಗೆ ಒತ್ತಿಲ್ಲದ ಕಾರಣ ಮೈಯಿಂದ ಮೂರು ಸಾಲು ಕೆಳಕ್ಕೆ ಇಳಿಸಿದೆ. ಪುಸ್ತಕದಲ್ಲಿ ಹೀಗೆ ಬರೆದರೆ ಒರಟಾಗಿ ಕಾಣುತ್ತದೆ. ಅರವತ್ತು ಮೀಟರಿನಿಂದ ನೋಡಿದರೆ ಸಹಜವಾಗಿರುತ್ತದೆ.

ಅರ್ಕಾವತ್ತನ್ನು ಬಿಟ್ಟು, ರಕಾರದ ಕೆಳಗೆ ಥಕಾರದ ಒತ್ತನ್ನು ಕೊಟ್ಟರೆ ಅಗಲ ಉಳಿಯುತ್ತದೆಯಲ್ಲವೇ ಎಂದು ಕೇಳಬಹುದು. ಹಾಗೆ ಮಾಡಿದರೆ, ಗುರುತಿಸಲು ಅತ್ಯಂತ ಕಷ್ಟವಾದ ಅಕ್ಷರವನ್ನೇ ಹತ್ತು ಸಾಲಿನ ಇಕ್ಕಟ್ಟಿಗೆ ತಳ್ಳಿದಂತಾಗುತ್ತದೆ. ನಮಗೆ ಕೊರತೆಯಿದ್ದದ್ದು ಎತ್ತರದಲ್ಲಿ; ಅಗಲ ಸಾಕಷ್ಟಿತ್ತು. ಇಡೀ ಹೆಸರು ನೂರು ಕಂಬಗಳ ಆಸುಪಾಸಿನಲ್ಲಿ ಮುಗಿಯಿತು. ಜನರ ಕಣ್ಣಿಗೆ ರೂಢಿಯಾದ ರೂಪವೂ ಅರ್ಕಾವತ್ತಿನದೇ.

ಶೃಂಗೇರಿಯಲ್ಲಿ ವಟ್ರಸುಳಿ ಮತ್ತು ಸೊನ್ನೆ ಒಂದರ ಪಕ್ಕದಲ್ಲೊಂದು ಬರುತ್ತವೆ. ವಟ್ರಸುಳಿಯ ಬಾಲವು ಸೊನ್ನೆಯ ಕೆಳಗೆ ನುಸುಳಿದರೆ ಎರಡೂ ಸೇರಿ ಬೇರೊಂದು ಅಕ್ಷರದಂತೆ ಕಾಣುವುದರಿಂದ, ಸೊನ್ನೆಯನ್ನು ಮೂರು ಚುಕ್ಕೆ ಬಲಕ್ಕೆ ಸರಿಸಿದೆ. ಉಳಿದ ಹೆಸರುಗಳು ಬೇಗ ಮುಗಿದವು. ಅಕ್ಷರಗಳ ನಡುವೆ ಎಲ್ಲೆಡೆ ಕನಿಷ್ಠ ಎರಡು ಚುಕ್ಕೆ, ಒತ್ತುಗಳು ಹತ್ತಿರ ಬಂದಲ್ಲಿ ಮೂರು ಚುಕ್ಕೆ ಅಂತರ ಬಿಟ್ಟಿದ್ದೇನೆ.

ಏನನ್ನು ತೋರಿಸಬೇಕು ಎಂಬ ವಿಷಯದಲ್ಲಿ ಮಾಲೀಕರೊಂದಿಗೆ ದೀರ್ಘ ಚರ್ಚೆ ನಡೆಯಿತು. ಸಂಸ್ಥೆಯ ಹೆಸರು ಬೋರ್ಡಿನಲ್ಲಿ ಇರಲೇಬೇಕೆಂಬುದು ಅವರ ಆಸೆಯಾಗಿತ್ತು. ಆ ಹೆಸರು ಬಸ್ಸಿನ ಎರಡೂ ಬದಿಗಳಲ್ಲಿ ಆಳೆತ್ತರದ ಅಕ್ಷರಗಳಲ್ಲಿ ಬರೆದಿರುವುದನ್ನು ತೋರಿಸಿ, ಎದುರಿನ ಬೋರ್ಡನ್ನು ಪ್ರಯಾಣಿಕರಿಗೇ ಬಿಟ್ಟುಕೊಡುವಂತೆ ಕೇಳಿಕೊಂಡೆ, ಅವರು ಒಪ್ಪಿದರು. ಈಗ ಬೋರ್ಡಿನಲ್ಲಿ ಬರುವುದು ಬಸ್ಸು ತಲುಪುವ ಕೊನೆಯ ಊರಿನ ಹೆಸರು ಮಾತ್ರ: ಕನ್ನಡದಲ್ಲಿ ಐದು ಸೆಕೆಂಡು, ಇಂಗ್ಲಿಷಿನಲ್ಲಿ ಮೂರು ಸೆಕೆಂಡು, ಎರಡೂ ಅಲುಗಾಡದೆ ನಿಲ್ಲುತ್ತವೆ. ಶೃಂಗೇರಿಗೆ ಹೊರರಾಜ್ಯಗಳ ಯಾತ್ರಿಕರು ಬರುವುದರಿಂದ ಇಂಗ್ಲಿಷ್ ಬೇಕಾಗಿತ್ತು. ಅದನ್ನು ಮೊದಲಕ್ಷರ ಮಾತ್ರ ದೊಡ್ಡದಾಗಿ, ಉಳಿದವು ಚಿಕ್ಕಕ್ಷರಗಳಾಗಿ ಬರೆದಿದ್ದೇನೆ; ಹೀಗೆ ಬರೆದಾಗ ಪದಕ್ಕೊಂದು ಹೊರರೂಪ ಸಿಗುತ್ತದೆ, ಬ್ರಿಟನ್ನಿನ ನಿಯಮವೂ ಊರಿನ ಹೆಸರನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆಯಕೂಡದೆನ್ನುತ್ತದೆ. ನಡುವಿನ ಊರುಗಳಿಗೆ, ಮೊದಲಿದ್ದ ಬಣ್ಣ ಬರೆದ ತಗಡಿನ ಬೋರ್ಡನ್ನೇ ಗಾಜಿನ ಕೆಳಭಾಗದಲ್ಲಿ ಎಡಕ್ಕೆ ಉಳಿಸಿಕೊಂಡೆವು. ಹತ್ತಿರ ಬಂದು ವಿಚಾರಿಸುವವರಿಗೆ ಅದು ಸಾಕು. ಎಲ್‌ಇಡಿ ಕೆಟ್ಟ ದಿನ ಬಸ್ಸು ಹೆಸರಿಲ್ಲದೆ ಓಡುವುದನ್ನೂ ಅದು ತಪ್ಪಿಸುತ್ತದೆ.

ವಿದ್ಯುತ್ತು, ಬೆಳಕು, ಗಾಜು

ಕಂಟ್ರೋಲರಾಗಿ ಇಎಸ್‌ಪಿ32 ಎಂಬ ಚಿಪ್ಪನ್ನು ಬಳಸಿದೆ. ಅದರ ಸಂಕೇತಗಳು 3.3 ವೋಲ್ಟಿನವು, 5 ವೋಲ್ಟಿನಲ್ಲಿ ನಡೆಯುವ ಮಾಡ್ಯೂಲಿನ 74ಎಚ್‌ಸಿ ಸರಣಿಯ ಚಿಪ್ಪುಗಳಿಗೆ ಖಚಿತವಾದ ಸಂಕೇತವೆನಿಸಲು 3.5 ವೋಲ್ಟ್ ಬೇಕು. ಮೇಜಿನ ಮೇಲೆ ಒಂದೆರಡು ಮಾಡ್ಯೂಲುಗಳೊಂದಿಗೆ ಇದು ಕೆಲಸ ಮಾಡಿದಂತೆ ತೋರಿದರೂ, ಎಂಟರ ಸರಪಳಿಯಲ್ಲಿ ಎಂಜಿನ್ನಿನ ಅದುರುವಿಕೆ ಮತ್ತು ವಿದ್ಯುತ್ ಗದ್ದಲದ ನಡುವೆ ಚುಕ್ಕೆಗಳು ಎಲ್ಲೆಂದರಲ್ಲಿ ಮಿನುಗತೊಡಗುತ್ತವೆ. ನಡುವೆ ಸಂಕೇತವನ್ನು 5 ವೋಲ್ಟಿಗೆ ಏರಿಸಿಕೊಡುವ 74ಎಚ್‌ಸಿಟಿ245 ಚಿಪ್ಪೊಂದನ್ನು ಹಾಕಿದರೆ ಈ ತೊಂದರೆ ಇರುವುದಿಲ್ಲ, ಏಕೆಂದರೆ ಅದಕ್ಕೆ 2 ವೋಲ್ಟೇ ಸಾಕು. ಚಿಪ್ಪಿನ ಹೆಸರಿನಲ್ಲಿರುವ ಆ ಒಂದು 'ಟಿ' ಅಕ್ಷರವನ್ನು ಅಂಗಡಿಯಲ್ಲಿ ನೋಡಿಯೇ ಕೊಳ್ಳಬೇಕು.

ಎಲ್ಲ ಚುಕ್ಕೆಗಳೂ ಪೂರ್ತಿ ಬೆಳಗಿದರೆ ಒಂದು ಮಾಡ್ಯೂಲು 4 ಆಂಪಿಯರಿನವರೆಗೆ ಎಳೆಯುತ್ತದೆ. ಎಂಟಕ್ಕೆ 32 ಆಂಪಿಯರ್. ಆದರೆ ಒಂದು ಊರಿನ ಹೆಸರಿಗೆ ಬೆಳಗುವುದು ಒಟ್ಟು 4096 ಚುಕ್ಕೆಗಳಲ್ಲಿ ಆರರಲ್ಲೊಂದು ಭಾಗದಷ್ಟು ಮಾತ್ರ. ಬಸ್ಸಿನ 24 ವೋಲ್ಟನ್ನು 5 ವೋಲ್ಟಿಗೆ ಇಳಿಸುವ 20 ಆಂಪಿಯರ್ ಕನ್ವರ್ಟರ್ ಹಾಕಿ, ಅದರ ಮುಂದೆ ಫ್ಯೂಸ್ ಮತ್ತು ಆಲ್ಟರ್ನೇಟರಿನಿಂದ ಬರುವ ಹಠಾತ್ ಏರಿಕೆಯನ್ನು ತಡೆಯುವ ಡಯೋಡ್ ಇಟ್ಟೆ. ಎರಡೆರಡು ಮಾಡ್ಯೂಲಿಗೆ ಒಂದರಂತೆ ಪ್ರತ್ಯೇಕ ದಪ್ಪ ವೈರುಗಳನ್ನು ಎಳೆದಿದ್ದರಿಂದ ತುದಿಯ ಮಾಡ್ಯೂಲು ಮಂಕಾಗುವುದಿಲ್ಲ. ಕನೆಕ್ಟರುಗಳಿಗೆಲ್ಲ ಪಾರದರ್ಶಕ ವಾರ್ನಿಷ್ ಬಳಿದು, ಪೆಟ್ಟಿಗೆಯ ತಳದಲ್ಲಿ ನೀರು ಇಳಿದು ಹೋಗಲು ಸಣ್ಣ ರಂಧ್ರಗಳನ್ನು ಬಿಟ್ಟಿದ್ದೇನೆ.

ಹಗಲಿನಲ್ಲಿ ಓದಲು ಅಡ್ಡಿಯಾಗುತ್ತಿದ್ದುದು ಬೋರ್ಡಿನ ಬೆಳಕಿನ ಕೊರತೆಗಿಂತ ಹೆಚ್ಚಾಗಿ ಅದರ ಮುಂದಿನ ಗಾಜು. ಗಾಜಿನ ಮೇಲ್ಭಾಗಕ್ಕೆ ಕಪ್ಪು ಫಿಲ್ಮ್ ಅಂಟಿಸಿ, ಅದರ ಮೇಲೆ ದೇವರ ಹೆಸರಿನ ಸ್ಟಿಕ್ಕರ್ ಹಾಕಲಾಗಿತ್ತು. ಎದುರಿನ ಗಾಜು ಕನಿಷ್ಠ ಶೇ. 70ರಷ್ಟು ಬೆಳಕನ್ನು ಬಿಡಬೇಕೆಂಬ ನಿಯಮವನ್ನು ತಿಳಿಸಿ ಫಿಲ್ಮನ್ನು ತೆಗೆಸಿದೆ. ದೇವರ ಹೆಸರು ಡ್ರೈವರ್ ತಲೆಯ ಮೇಲಿನ ಪಟ್ಟಿಗೆ ಸ್ಥಳಾಂತರವಾಯಿತು. ಗಾಜಿನಲ್ಲಿ ಆಕಾಶದ ಪ್ರತಿಬಿಂಬ ಮೂಡದಂತೆ ಪೆಟ್ಟಿಗೆಯ ಒಳಗೋಡೆಗಳಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು, ಬೋರ್ಡನ್ನು ರಸ್ತೆಯ ಕಡೆಗೆ ತುಸು ಬಾಗಿಸಿ ಕೂರಿಸಿ, ಗಾಜಿಗೂ ಅದಕ್ಕೂ ನಡುವಿನ ಅಂತರವನ್ನು ಸಾಧ್ಯವಾದಷ್ಟು ಕಡಿಮೆ ಮಾಡಿದೆ.

ರಾತ್ರಿಯ ಸಮಸ್ಯೆ ಇದಕ್ಕೆ ತದ್ವಿರುದ್ಧ. ತುಂಗೆಯ ದಂಡೆಯುದ್ದಕ್ಕೂ ಸಾಗುವ ಈ ರಸ್ತೆಯಲ್ಲಿ ಬೆಳಗಿನ ಜಾವ ಮಂಜು ಕವಿದಾಗ, ಪೂರ್ತಿ ಬೆಳಕಿನ ಬೋರ್ಡು ಒಂದು ಕಿತ್ತಳೆ ಮೋಡದಂತೆ ಕಾಣುತ್ತದೆ. ಗೆರೆಗಳು ಒಂದರೊಳಗೊಂದು ಹರಡಿ ಒತ್ತಕ್ಷರ ಮೈಗೆ ಅಂಟಿಕೊಳ್ಳುತ್ತದೆ. ಬೆಳಕಿನ ಸೆನ್ಸರ್ ಒಂದನ್ನು ಗಾಜಿನ ಹಿಂದೆ ಇರಿಸಿ, ಕತ್ತಲಾದಂತೆ ಬೋರ್ಡಿನ ಬೆಳಕನ್ನು ಹಗಲಿನ ಹತ್ತರಲ್ಲೊಂದು ಭಾಗಕ್ಕೆ ಇಳಿಸುವಂತೆ ಮಾಡಿದೆ. ಎದುರು ವಾಹನಗಳ ಹೆಡ್‌ಲೈಟ್ ಬಿದ್ದಾಗ ಬೆಳಕು ಏರಿಳಿಯದಂತೆ, ಅರ್ಧ ನಿಮಿಷದ ಸರಾಸರಿಯನ್ನು ನೋಡಿ ಬದಲಾಗುತ್ತದೆ.

ಹೆಸರು ಬದಲಾಯಿಸಲು ಕಂಡಕ್ಟರ್ ಸೀಟಿನ ಬಳಿ ತಿರುಗಿಸುವ ಸ್ವಿಚ್ಚೊಂದನ್ನು ಹಾಕಿ, ಪ್ರತಿ ಸ್ಥಾನದ ಎದುರು ಊರಿನ ಹೆಸರನ್ನು ಬರೆದಿದ್ದೇನೆ. ಹೊರಗೆ ಏನು ಕಾಣುತ್ತಿದೆ ಎಂಬುದನ್ನು ಒಳಗಿನವರಿಗೆ ತೋರಿಸಲು ಸ್ವಿಚ್ಚಿನ ಪಕ್ಕದಲ್ಲೇ ಚಿಕ್ಕ ಪರದೆಯಿದೆ. ಎಂಜಿನ್ ಆರಿಸಿ ಮತ್ತೆ ಹಚ್ಚಿದಾಗ ಸ್ವಿಚ್ಚನ್ನು ಒಮ್ಮೆ ತಿರುಗಿಸುವವರೆಗೆ ಬೋರ್ಡು ಖಾಲಿಯಾಗಿಯೇ ಇರುತ್ತದೆ. ಮಾಲೀಕರಿಗೆ ಇದು ಮೊದಲು ಸರಿಬರಲಿಲ್ಲ. ಆದರೆ ಶೃಂಗೇರಿಯಿಂದ ಹಿಂದಿರುಗುವಾಗಲೂ ಶೃಂಗೇರಿ ಎಂದೇ ತೋರಿಸುವ ಬೋರ್ಡು ಜನರನ್ನು ದಾರಿ ತಪ್ಪಿಸುತ್ತದೆ. ಖಾಲಿ ಬೋರ್ಡನ್ನು ಕಂಡವರು ಕನಿಷ್ಠಪಕ್ಷ ಕೇಳುತ್ತಾರೆ.

ಬಸ್ಸಿಗೆ ಕೂರಿಸುವ ಮೊದಲು, ಬೋರ್ಡನ್ನು ಶಾಲಾ ಮೈದಾನವೊಂದರ ತುದಿಯಲ್ಲಿ ಬಸ್ಸಿನಷ್ಟೇ ಎತ್ತರಕ್ಕೆ ನಿಲ್ಲಿಸಿ, ನೆಲದ ಮೇಲೆ ಸುಣ್ಣದಿಂದ ಹತ್ತು ಹತ್ತು ಮೀಟರಿಗೆ ಗೆರೆ ಎಳೆದು, ಬೇರೆ ಬೇರೆ ವಯಸ್ಸಿನವರಿಂದ ಓದಿಸಿದೆ. ಮಾರ್ಗದ ಹೆಸರುಗಳನ್ನು ಊಹಿಸಿ ಹೇಳುವ ಸಾಧ್ಯತೆಯಿದ್ದುದರಿಂದ, ನಡುನಡುವೆ ಹೊಸನಗರ, ಹೊನ್ನಾಳಿ, ಸಾಗರ, ಶಿಕಾರಿಪುರ ಎಂಬ ಬೇರೆ ಹೆಸರುಗಳನ್ನೂ ಸೇರಿಸಿದ್ದೆ. ಹಳೆಯ ಬೋರ್ಡಿನಲ್ಲಿ ತೀರ್ಥಹಳ್ಳಿಯನ್ನು ನಿಲ್ಲಿಸಿ ತೋರಿಸಿದಾಗಲೂ ವಯಸ್ಸಾದವರು ಮೂವತ್ತು ಮೀಟರಿನ ಗೆರೆಯವರೆಗೆ ಬರಬೇಕಾಯಿತು. ಹೊಸದನ್ನು ಅವರು ಅರವತ್ತರಿಂದ ಓದಿದರು, ಕಿರಿಯರು ಇನ್ನೂ ಹಿಂದಿನಿಂದ. ಒಬ್ಬ ಹಿರಿಯರು ಕೊಪ್ಪ ಎಂಬುದನ್ನು ಓದುವ ಮೊದಲೇ "ಕೆಳಗೆ ಒತ್ತು ಇದೆ, ಎರಡೇ ಅಕ್ಷರ, ಕೊಪ್ಪ" ಎಂದರು. ದೂರದಿಂದ ಜನರು ಹೆಸರಿನ ಒಟ್ಟು ಆಕಾರವನ್ನು ಹಿಡಿಯುತ್ತಾರೆ, ಆ ಆಕಾರದಲ್ಲಿ ಒತ್ತಕ್ಷರದ ಪಾಲು ದೊಡ್ಡದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಸಿಕ್ಕಿಲ್ಲ.

ಬೋರ್ಡು ಈಗ ಬಸ್ಸಿನಲ್ಲಿದೆ. ಬಾಗಿಲಿನ ಪಕ್ಕದ ಬದಿಗೆ ಇನ್ನೊಂದು ಚಿಕ್ಕ ಬೋರ್ಡು ಬೇಕಾಗಿದೆ. ಅದನ್ನು ಓದುವವರು ಐದಾರು ಮೀಟರ್ ದೂರದಲ್ಲಿ ಇರುವುದರಿಂದ ಪಿ10ರ ಚುಕ್ಕೆಗಳು ಅಲ್ಲಿಗೆ ತೀರಾ ಒರಟು, 5 ಮಿ.ಮೀ. ಅಂತರದ ಮಾಡ್ಯೂಲುಗಳನ್ನು ಹುಡುಕುತ್ತಿದ್ದೇನೆ. ಮೂವತ್ತೆರಡು ಸಾಲಿನ ಹಂಚಿಕೆ ಅಲ್ಲಿಯೂ ಇದೇ ಇರುವುದರಿಂದ ಬಿಡಿಸಿದ ಹೆಸರುಗಳನ್ನು ಹಾಗೆಯೇ ಬಳಸಬಹುದು.